ಮೈನಸ್ ಎರಡರ ಗುಡ್ಡ

ಹೊರಗೆ ನಲವತ್ತಾರು. ಕಾರಿನ ಸ್ಟೇರಿಂಗ್ ಮುಟ್ಟಿದರೆ
ಕಾದ ಕಾವಲಿ ಮುಟ್ಟಿದ ಹಾಗೆ.
ನಮ್ಮ ಸೀಸನ್ ಶುರುವಾಗುವುದು ಆಗಲೇ.

ಗಂಗೊಳ್ಳಿಯಲ್ಲಿ ಬೋಟುಗಳು ದಡ ಹತ್ತಿ
ಬಲೆಗಳೆಲ್ಲ ಶೆಡ್ಡು ಸೇರಿದ ಮೇಲೆ
ತಮ್ಮ ಸುಧಾಮನ ಫೋನು:
"ಅಕ್ಕಾ, ಕಡಲ್ ಬಂದ್ ಆಯ್ತ್. ವೀಸಾ ಮಾಡ್."
ಮಸ್ಕತ್ತಿನಿಂದ ಮೊಮ್ಮಗಳು, ಶಾಲೆಗೆ ರಜೆ.
ಶಾರ್ಜಾದಿಂದ ಝೊಹರಾ. ಅವಳಿಗೆ ಕಾರಣ ಬೇಡ,
ಕೈಯಲ್ಲೊಂದು ಡಬ್ಬಿ ಶಾವಿಗೆ ಬಿರಿಯಾನಿ ಮಾತ್ರ ಇರುತ್ತದೆ.

ದುಬೈಯ ಮಾಲು. ಅತ್ತರಿನ ಅಂಗಡಿ, ಚಪ್ಪಲಿ ಅಂಗಡಿ ದಾಟಿದರೆ
ಗಾಜಿನಾಚೆ ಗುಡ್ಡ.
ನಮ್ಮಿಬ್ಬರದು ವರ್ಷದ ಪಾಸು. ಉಳಿದವರಿಗೆ ಬಾಡಿಗೆ ಕೋಟು,
ಇನ್ಯಾರದೋ ಕಾಲಿನ ವಾಸನೆ ಇನ್ನೂ ಆರದ ಬೂಟು.

ಇವರು ದೇರಾದಲ್ಲಿ, ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ
ಮೈನಸ್ ಹದಿನೆಂಟರೊಳಗೆ ನಿಂತು
ಇಪ್ಪತ್ತೇಳು ವರ್ಷ ಪೆಟ್ಟಿಗೆ ಎಣಿಸಿದವರು.
ಈಗ ದುಡ್ಡು ಕೊಟ್ಟು ಮೈನಸ್ ಎರಡಕ್ಕೆ ಬರುತ್ತಾರೆ.
"ಇದು ಚಳಿಯಾ? ಫ್ರಿಜ್ಜಿನ ತರಕಾರಿ ಡಬ್ಬ!"

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದವಳು.
ಮಣಿಕಟ್ಟು ಹೇಗೆ ಮುರಿಯುತ್ತದೆ, ತೊಡೆಮೂಳೆಯ ಕತ್ತು
ಯಾವ ವಯಸ್ಸಿಗೆ ಕೈಕೊಡುತ್ತದೆ,
ಎಲ್ಲ ಕಪ್ಪುಬಿಳುಪಿನಲ್ಲಿ ಕಂಡವಳು.
ಆದರೂ ಐವತ್ತೊಂಬತ್ತರಲ್ಲಿ ಕೋಲು ಹಿಡಿದೆ.
"ಅಂತೂ ಮುದುಕಿಯಾದೆ," ಎಂದು ಝೊಹರಾ ನಕ್ಕಳು.
ಹೌದು ಮಾರಾಯ್ತಿ. ಎರಡು ಕೋಲು.
ನಡೆಯಲಿಕ್ಕಲ್ಲ, ಜಾರಲಿಕ್ಕೆ.

ಟೀಕಾರಾಮ, ಕಲಿಸುವ ನೇಪಾಳಿ ಹುಡುಗ,
ಎಲ್ಲರಿಗೂ ಮೊದಲು ಬೀಳುವುದನ್ನು ಕಲಿಸುತ್ತಾನೆ.
ಝೊಹರಾ ಚೆನ್ನಾಗಿ ಕಲಿತಳು.
ಸುಧಾಮ ಬೀಳಲೊಲ್ಲ.
ಮೊಣಕಾಲು ಸಡಿಲ, ಸೊಂಟ ತಗ್ಗು, ಕಣ್ಣು ದೂರ.
ಅಳಿವೆಬಾಯಲ್ಲಿ ತೆರೆ ಎತ್ತುವಾಗ ನಿಲ್ಲುವ ಹಾಗೇ ನಿಂತು
ಸೀದಾ ಕೆಳಗೆ,
ನಿಲ್ಲಿಸುವುದು ಗೊತ್ತಿಲ್ಲದೆ ರಬ್ಬರಿನ ಬೇಲಿಗೆ.
ಎದ್ದು, ಮೀಸೆಯ ಹಿಮ ಕೊಡವಿ,
"ಅಕ್ಕಾ, ಇದ್ಕೆ ಲಂಗರ್ ಇಲ್ಯಾ?"

ಕುರ್ಚಿಯ ತಂತಿಯಲ್ಲಿ ಮೇಲೇರುವಾಗ
ಟೀಕಾರಾಮ ನನ್ನ ಪಕ್ಕ.
ಅವನೂರಲ್ಲಿ ಇದನ್ನು ಸಲಿಕೆಯಿಂದ ಎತ್ತಿ
ಮಾಡಿನ ಮೇಲಿಂದ ಬಿಸಾಡುತ್ತಾರಂತೆ,
ಇಲ್ಲದಿದ್ದರೆ ಮಾಡು ಕೂರುತ್ತದೆ, ದನ ಸಾಯುತ್ತದೆ.
ಇಲ್ಲಿ ರಾತ್ರಿಯೆಲ್ಲ ಯಂತ್ರ ಹಚ್ಚಿ ಅದನ್ನೇ ಮಾಡುತ್ತಾರೆಂದು
ಅಮ್ಮನಿಗೆ ಅವನಿನ್ನೂ ಹೇಳಿಲ್ಲ.
"ನಂಬುವುದಿಲ್ಲ ಆಂಟಿ. ನಂಬಿದರೆ ಬೈಯುತ್ತಾಳೆ."
ಕೆಳಗೆ ಗಾಜಿನಾಚೆ ಅರ್ಧ ತೋಳಿನ ಜನ
ಚಹಾ ಕುಡಿಯುತ್ತ ನಮ್ಮನ್ನು ನೋಡುತ್ತಿದ್ದರು.

ರಾತ್ರಿ ಕುಸೈಸಿನ ಫ್ಲ್ಯಾಟು: ಒಂದೇ ರೂಮು, ಹಾಲಿನ ತುಂಬ ಚಾಪೆ.
ಏಳು ಜನರ ಹದಿನಾಲ್ಕು ಮೊಣಕಾಲಿಗೆ ಒಂದೇ ಡಬ್ಬ ಮುಲಾಮು.
ಯಾರ ಕಾಲು ಯಾರದೆಂದು ಕತ್ತಲಲ್ಲಿ ತಿಳಿಯದೆ
ಇವರು ಸುಧಾಮನ ಕಾಲು ತಿಕ್ಕಿದರು,
ಅವನೂ ಸುಮ್ಮನೆ ತಿಕ್ಕಿಸಿಕೊಂಡ.
ಗಂಜಿ, ಹುರಿದ ಸಿಗಡಿ ಚಟ್ನಿ. ಮತ್ತೊಮ್ಮೆ ಗಂಜಿ.

ಜುಲೈ ಕೊನೆಗೆ ಕಡಲು ತೆರೆಯುತ್ತದೆ.
ಅವನು ಹೋದ. ಮೊಮ್ಮಗಳು ಹೋದಳು, ಹಲ್ಲೊಂದು ಬಿಟ್ಟು,
ಅದು ಬಿದ್ದದ್ದು ಎರಡನೇ ತಿರುವಿನಲ್ಲಿ, ಹಿಮದಲ್ಲೇ ಎಲ್ಲೋ ಇದೆ.
ಝೊಹರಾಳ ಡಬ್ಬಿ ಮಾತ್ರ ವಾಪಸು ಕೊಡಬೇಕು.

ಫ್ರೀಜರಿನಲ್ಲಿ, ಬಂಗುಡೆಯ ಪಕ್ಕ,
ಸುಧಾಮ ಕೋಟಿನ ಜೇಬಲ್ಲಿ ಕದ್ದು ತಂದ ಹಿಮದ ಮುದ್ದೆ.
ಪ್ಲಾಸ್ಟಿಕ್ಕಿನ ಮೇಲೆ ಮೊಮ್ಮಗಳ ಅಕ್ಷರ: "ಜ್ಯೂಸಿಗೆ ಹಾಕಬೇಡಿ."
ಎಂಜಿನ್ನಿನ ಸದ್ದಿನ ನಡುವೆ ಅವನು ಕೇಳುತ್ತಾನೆ,
"ಅದ್ ಇತ್ತಾ?"
"ಇತ್ತ್. ಬಂಗುಡೆ ವಾಸ್ನಿ ಬತ್ತ್."
"ಹಾಂಗಾರೆ ಅದ್ ನಮ್ದೇ."

ಇವರು ಆಗಲೇ ಬಾಗಿಲಲ್ಲಿ, ಕೈಗವಸಿನ ಜೋಡಿ ಹುಡುಕುತ್ತಾ.
ಮಂಗಳವಾರ ಬೆಳಿಗ್ಗೆ ಗುಡ್ಡ ಖಾಲಿ ಇರುತ್ತದೆ.
ಹೋದ ವಾರ ನಾನು ಗೆದ್ದೆ,
ಅದನ್ನು ಒಪ್ಪದೆ ಎಂಟು ದಿನ ಆಯಿತು.