ಎರಡು ಹಿಡಿಕೆ

ಟನ್ನಿನ ಲೆಕ್ಕ ಆಮೇಲೆ, ಎನ್ನುತ್ತೇನೆ ಬಂದವರಿಗೆಲ್ಲ.
ಮೊದಲು ಹೇಳಿ, ನಿಮ್ಮ ಒಲೆಯ ಬಾಯಿ ಎಷ್ಟು ಉದ್ದ?
ಮರ ಯಾವುದು? ಬರ್ಚ್ ಆದರೆ
ಐದು ಟನ್ ಒತ್ತಡಕ್ಕೇ ಬಿಟ್ಟುಕೊಡುತ್ತದೆ,
ಹೆಪ್ಪುಗಟ್ಟಿದ ದಿನವಂತೂ ಒಣಗಿದ ರೈ ರೊಟ್ಟಿಯ ಹಾಗೆ.
ಎಲ್ಮ್ ಆದರೆ ಹತ್ತೂ ಸಾಲದು.
ಅದರ ನಾರು ಹಳೆಯ ಹಗೆ,
ಸೀಳಿದ ಮೇಲೂ ಹಿಡಿದುಕೊಂಡಿರುತ್ತದೆ.
ಪೆಟ್ರೋಲಿನದು ಕಾಡಿಗೆ, ಕರೆಂಟಿನದು ಅಂಗಳಕ್ಕೆ.
ಎಸ್ಟೋನಿಯಾದ ಈ ಮೂಲೆಯಲ್ಲಿ, ವೋರು ಪಟ್ಟಣದಲ್ಲಿ,
ಹತ್ತೊಂಬತ್ತು ಚಳಿಗಾಲ ಇದನ್ನೇ ಹೇಳಿ ಉಂಡಿದ್ದೇನೆ.

ಎಂಡೆಲ್ ಬಂದದ್ದು ಅಕ್ಟೋಬರಿನ ಕೊನೆಗೆ.
ಮೂವತ್ತಮೂರು ಸೆಂಟಿಮೀಟರ್, ಎಂದ, ತಡವರಿಸದೆ.
ಬರ್ಚ್, ಆಲ್ಡರ್, ಗಾಳಿಗೆ ಬಿದ್ದ ಒಂದು ಎಲ್ಮ್.
ಏಳು ಟನ್ನಿನದು ತೋರಿಸಿದೆ, ನೆಟ್ಟಗೆ ನಿಲ್ಲುವಂಥದು.
ಬೆಣೆಯ ಅಲಗನ್ನು ಹೆಬ್ಬೆರಳಿನಿಂದ ಸವರಿದ,
ಕುದುರೆಯ ಹಲ್ಲು ನೋಡುವವನ ಹಾಗೆ.
ದುಡ್ಡು ಕೊಡುವಾಗ ನೋಟಿನ ಕಟ್ಟನ್ನು ಮೇಜಿಗೊತ್ತಿ
ಒಂದೊಂದೇ ಸರಿಸಿದ.
ಆಗ ಕಂಡಿತು: ಕೋಟಿನ ಬಲತೋಳು
ಮೊಣಕೈ ಬಳಿ ಮಡಚಿ ಪಿನ್ನು ಚುಚ್ಚಿತ್ತು.

ಹೇಳದೆ ವಿಧಿಯಿರಲಿಲ್ಲ. ಈ ಯಂತ್ರಕ್ಕೆ ಎರಡು ಹಿಡಿಕೆ.
ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬೆಣೆ ಇಳಿಯುತ್ತದೆ.
ಒಂದರ ಕೈ ಬಿಟ್ಟರೂ ನಿಂತುಬಿಡುತ್ತದೆ.
ಅಲಗಿನ ಕೆಳಗೆ ಬೆರಳು ಹೋಗದಿರಲೆಂದು ಮಾಡಿದ ಉಪಾಯ.
"ಒಳ್ಳೆಯ ಉಪಾಯ," ಎಂದ,
"ಗರಗಸದ ಮಿಲ್ಲಿನಲ್ಲೂ ಇರಬೇಕಿತ್ತು."

ಹಗ್ಗ ಬಿಗಿದು ಒಂದು ಹಿಡಿಕೆಯನ್ನು ಕೆಳಗೇ ಕಟ್ಟಿಹಾಕುವವರಿದ್ದಾರೆ.
ಅವರ ಕೈ ಕುಲುಕುವಾಗ ನಾನು ಬೆರಳು ಎಣಿಸುವುದಿಲ್ಲ.
ಅದನ್ನು ನಾನು ಹೇಳಲಿಲ್ಲ, ಅವನು ಕೇಳಲಿಲ್ಲ.
"ಶನಿವಾರ ತಂದುಕೊಡು," ಎಂದ, ಕಡ್ಡಿ ಮುರಿದ ಹಾಗೆ.

ಶನಿವಾರ ಟ್ರೇಲರಿನಿಂದ ಇಳಿಸಿ, ಸಮನೆಲ ನೋಡಿ ನಿಲ್ಲಿಸಿ
ಗಾಳಿಯ ತಿರುಪು ಸಡಿಲಿಸುವುದನ್ನು ತೋರಿಸುತ್ತಿದ್ದೆ.
ಬೇಲಿಯಾಚೆಯ ಮನೆಯಿಂದ ಒಬ್ಬ ಹೆಂಗಸು ಬಂದಳು.
ರಬ್ಬರ್ ಬೂಟು, ಏಪ್ರನ್ನಿಗೆ ಬೀಟ್‌ರೂಟಿನ ಕಲೆ.
ನಮಸ್ಕಾರ, ಎಂದಳು. ನನಗೆ. ಅವನಿಗಲ್ಲ.
ನೇರ ಹೋಗಿ ಬಲಹಿಡಿಕೆಯ ಪಕ್ಕ ನಿಂತಳು.

ಆ ಎಲ್ಮ್ ಬಿದ್ದದ್ದು ಸಾಲ್ಮೆಯ ಜೇನುಪೆಟ್ಟಿಗೆಗಳ ಮೇಲಂತೆ.
ಮರ ಅವನದು, ಗಾಳಿ ದೇವರದು,
ತಪ್ಪು ಯಾರದೆಂದು ಬಗೆಹರಿಯದೆ
ಏಪ್ರಿಲಿನಿಂದ ಮಾತಿಲ್ಲವಂತೆ.
ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಪೆಟ್ರೋಲ್ ಬಂಕಿನಲ್ಲಿ.

ಕೈಪಿಡಿಯ ನಾಲ್ಕನೆಯ ಪುಟ, ದಪ್ಪ ಅಕ್ಷರ:
ಒಂದು ಯಂತ್ರಕ್ಕೆ ಒಬ್ಬನೇ ಆಳು. ಇಬ್ಬರು ನಡೆಸಕೂಡದು.
ಬೆರಳಿಟ್ಟು ಓದಿದೆ.
"ಎಣಿಸಿ ನೋಡಪ್ಪ," ಎಂದಳು. "ಕೈ ಎರಡೇ ಇವೆ."
ಅವಳ ಇನ್ನೊಂದು ಕೈ ಬೆನ್ನ ಹಿಂದೆ
ಏಪ್ರನ್ನಿನ ಗಂಟು ಹಿಡಿದಿತ್ತು.
ಕೊನೆಯತನಕ ಅಲ್ಲೇ ಇತ್ತು.

ಅವನು ಬರ್ಚಿನ ತುಂಡು ನಿಲ್ಲಿಸಿದ, ಹಿಂದೆ ಸರಿದ, ಹಿಡಿಕೆ ಹಿಡಿದ.
"ಒತ್ತು."
ಪಂಪು ಗುಂಯ್‌ಗುಟ್ಟಿತು. ಬೆಣೆ ಇಳಿಯಿತು
ಅವಸರವಿಲ್ಲದ ಅಧಿಕಾರಿಯ ಹಾಗೆ.
ಚಟ್. ಎರಡು ಬಿಳಿಯ ಹೋಳು.
"ಬಿಡು."
ಒತ್ತು. ಬಿಡು. ಒತ್ತು. ಬಿಡು.
ಅರ್ಧ ವರ್ಷದ ಮೇಲೆ ಇಷ್ಟೇ ಮಾತು,
ಅದರಲ್ಲೇ ಅರ್ಧ ರಾಶಿ ಮುಗಿಯಿತು.

ಆಮೇಲೆ ಎಲ್ಮ್. ಬೆಣೆ ನಡುವಿನತನಕ ಹೋಗಿ ನಿಂತಿತು,
ಮೋಟಾರು ನರಳಿತು,
ನಾನು ಪ್ಲಗ್ಗಿನ ಕಡೆ ಹೆಜ್ಜೆ ಇಟ್ಟೆ.
"ಬಿಡಬೇಡ," ಎಂದ ಎಂಡೆಲ್,
ಮರವನ್ನೇ ನೋಡುತ್ತ.
ಬಿಡಲಿಲ್ಲ ಅವಳು.
ಸೀಳಿತು. ಪೂರ್ತಿ ಅಲ್ಲ,
ಒಂದು ಹಿಡಿ ನಾರು ಜೋತಾಡುತ್ತಲೇ ಇತ್ತು.

ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ,
ಮರ ಇಡುವ ಮುಂಚೆ ಸ್ವಲ್ಪ ಹೊತ್ತು ಖಾಲಿ ಓಡಿಸಬೇಕು.
ಹೇಳಲು ಮರೆತಿದ್ದೆ. ಮೊದಲ ಹಿಮ ಬಿದ್ದ ಬೆಳಿಗ್ಗೆ
ಫೋನು ಮಾಡಿದೆ. ಹಿಂದೆ ಮೋಟಾರಿನ ಸದ್ದು,
ಮರದ ಸದ್ದಿಲ್ಲ.

"ಗೊತ್ತು," ಎಂದ. "ಹಚ್ಚಿ ಹತ್ತು ನಿಮಿಷವಾಯಿತು.
ಆಚೆ ಮನೆಯ ಬಾಗಿಲು ಇನ್ನೂ ತೆರೆದಿಲ್ಲ.
ಕಾಯುತ್ತಿದೆ."