ಅನುಭವ: ನಿಲ್

ಸುಪರ್ ಮಾರ್ಕೆಟ್‌ನ್ಯಾಗ, ಜೆರಾಕ್ಸ್ ಅಂಗಡಿ ಮ್ಯಾಲ
ಕೆಲಸ ಕೊಡಿಸೋ ಆಫೀಸು. ಫ್ಯಾನ್ ಕೆಳಗ ಕುಂತ ಹುಡುಗ
ನನ್ನ ಹೆಸರು ಬರಕೊಂಡ: ಸಾಬಮ್ಮ.
ಊರು ಶಹಾಬಾದ್. ವಯಸ್ಸು ಮೂವತ್ನಾಕು ಇರಬೇಕು.
ಓದಿದ್ದು ಏಳನೇ ಪಾಸು.
ವಿಶೇಷ ಮಕ್ಕಳನ್ನ ನೋಡಿಕೊಂಡ ಅನುಭವ?
ನಮ್ಮ ತಮ್ಮ ಅದಾನ್ರಿ, ಅಂದೆ.
ಪಗಾರ ಇತ್ತೇನು?
ಇಲ್ರಿ.
ಹಂಗಾದ್ರ, ಅಂತ ಅವ ಬರೆದದ್ದು ಎರಡೇ ಅಕ್ಷರ: ನಿಲ್.

ನಗು ಬಂತು. ಅವಗೇನು ಗೊತ್ತು
ಅದು ನಮ್ಮಿಬ್ಬರ ಮಾತಂತ.

ನಮ್ಮ ಕಡೆ ನಿಂದ್ರು ಅಂತಾರ.
ಮಾಳ್ಯಾನ ನಾಲಿಗಿಗೆ ಅದು ದೊಡ್ಡ ಕಲ್ಲು,
ಎತ್ತಲಿಕ್ಕಾಗತಿದ್ದಿಲ್ಲ.
ಒಡದು ಸಣ್ಣದು ಮಾಡಿ ಕೊಟ್ಟಿದ್ದೆ: ನಿಲ್.
ಅಪ್ಪ ಫರಸಿ ಖಣಿಗೆ ಹೋದ ಮ್ಯಾಲ, ದಿನಾ ಮುಂಜಾನಿ,
ಗ್ವಾಡಿಗೆ ಅವನ ಬೆನ್ನು ಹಚ್ಚಿ
ಅವನ ಮೊಳಕಾಲಿಗೆ ನನ್ನ ಮೊಳಕಾಲು ಒತ್ತಿ
ನಿಲ್, ನಿಲ್, ನಿಲ್
ನಾಕು ವರ್ಷ.
ಒಂದಿನ ಹತ್ತೊಂಬತ್ತು ಎಣಿಸೋತನ ನಿಂತ.
ಇಪ್ಪತ್ತಕ್ಕ ನನ್ನ ಮ್ಯಾಲ ಬಿದ್ದ.
ಹಲ್ಲು ಬಡದು ನನ್ನ ತುಟಿ ಒಡೀತು, ಇಬ್ಬರೂ ನಕ್ಕಿದ್ದೇ ನಕ್ಕಿದ್ದು.
ಕಲೆ ಇನ್ನೂ ಅದ. ಸರ್ಟಿಫಿಕೇಟ್ ಅಂದ್ರ ಇದನ್ನೇ ತೋರಿಸಬೇಕು.

ಜೇವರ್ಗಿ ಕಾಲನಿ, ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು.
ಬ್ಯಾಂಕಿನ ಮೇಡಮ್ಮೋರು ನನಗ ಸ್ಟೀಲ್ ಲೋಟದಾಗ ಚಹಾ ಕೊಟ್ಟರು,
ತಾವು ಕಪ್ಪಿನ್ಯಾಗ ಕುಡದರು. ಇರಲಿ.
ಅಡಿಗಿ ಬರ್ತದ? ಮೊಬೈಲ್ ಎಷ್ಟೊತ್ತು ನೋಡ್ತೀ? ಸಿಟ್ಟು ಬರ್ತದೇನು?
ಬರ್ತದ್ರಿ. ಬಂದಾಗ ಅಂಗಳಕ್ಕ ಹೋಗಿ ಭಾಂಡಿ ತಿಕ್ಕತೀನಿ.
ಇಲ್ಲಿ ಅಂಗಳ ಎಲ್ಲದ, ಅಂದರು.

ಹುಡುಗ ಅಖಿಲೇಶ, ಆರು ವರ್ಷದವ,
ಫ್ರಿಜ್ಜಿನ ಸಂದ್ಯಾಗ ನೆಲಕ್ಕ ಗಲ್ಲ ಹಚ್ಚಿ ಮಲಗಿದ್ದ.
ನೆಲ ಬಿಡಂಗಿಲ್ಲ. ಮ್ಯಾಟ್ ಹಾಸಿದ್ರ ಎತ್ತಿ ಒಗಿತಾನ.
ಮಾತಿಲ್ಲ. ಮೂರು ಮಂದಿ ಬಿಟ್ಟು ಹೋದರು.
ಇದನ್ನ ಹೇಳೋವಾಗ ಮೇಡಮ್ಮೋರ ದನಿ
ಬ್ಯಾಂಕಿನ ಕೌಂಟರಿನದಲ್ಲ.

ನಾನೂ ಕೇಳಿದೆ, ತಪ್ಪೇನು.
ಯಾವ ಸಪ್ಪಳಕ್ಕ ಕಿವಿ ಮುಚ್ಚಿಕೊಳ್ತಾನ?
ರೊಟ್ಟಿ ಕಡಕ್ ತಿಂತಾನೋ, ನೆನಸಿದ್ದೋ?
ನಗೋದು ಯಾವಾಗ?
ಮಿಕ್ಸರ್, ಅಂದರು. ಕಡಕ್, ಅಂದರು.
ಆಮ್ಯಾಲ ಕಿಟಕಿ ಕಡೆ ನೋಡಿದರು.
ಎದುರಿನ ಮನಿ ನೀರಿನ ಟಾಕಿ ಮ್ಯಾಲ, ಆ ಬಿಸಿಲಾಗ,
ಪಾರಿವಾಳೊಂದು ಬಾಯಿ ತೆರಕೊಂಡು ಕುಂತಿತ್ತು.

ಲೋಟ ಇಟ್ಟು ನಾನೂ ಕೆಳಗ ಮಲಗಿದೆ, ಅವನಂಗ, ಗಲ್ಲ ನೆಲಕ್ಕ.
ಟೈಲ್ಸು. ನಮ್ಮೂರ ಫರಸಿಯಷ್ಟು ತಂಪಲ್ಲ.
ಖರೆ, ಒಳಗೊಂದು ಸಪ್ಪಳ ಅದ.
ಫ್ರಿಜ್ಜಿನ ಹೊಟ್ಟಿ ಗುಂಯ್ ಅನ್ನೋದು ನೆಲದಾಗ ಹರಕೊಂಡು ಬಂದು
ಹಲ್ಲಿಗೆ ಕೇಳ್ತದ, ಕಿವಿಗಲ್ಲ.
ಎಷ್ಟು ಚೊಲೊ ಅದ ಅಂತೀನಿ.
ಅವ ನನ್ನ ನೋಡಲಿಲ್ಲ.
ಒಂದೀಟು ಸರದ,
ಇನ್ನೊಂದು ತಲಿ ಹಿಡಿಸೋವಷ್ಟು.

ಎಂಟು ಸಾವಿರ, ಅಂದರು ಮ್ಯಾಲಿಂದ.
ಎದ್ದು, ಸೀರಿ ಝಾಡಿಸಿಕೊಂಡು, ಹನ್ನೊಂದು ಅಂದೆ.
ಮಾಳ್ಯಾಗ ಪುಕ್ಕಟೆ ಮಾಡಿದ್ದು ಖರೆ, ಅದು ಮನಿ.
ಇದು ಕೆಲಸ.
ಮತ್ತ ಐತವಾರ ರಜಾ ಬೇಕ್ರಿ. ಶಹಾಬಾದಿಗೆ ಗಾಡಿ ಹಿಡೀಬೇಕು.
ನಮ್ಮ ತಮ್ಮನ ಉಗುರು ತೆಗೀಬೇಕು,
ಬ್ಯಾರೆಯವರಿಗೆ ಅವ ಕೈ ಕೊಡಂಗಿಲ್ಲ.

ಫೋನ್ ಮಾಡ್ತೀವಿ, ಅಂದರು.

ಕೆಳಗಿಳದು ಸಿಟಿ ಬಸ್ಸಿಗೆ ನಿಂತೆ.
ಹತ್ತೊಂಬತ್ತರ ತನಕ ಎಣಿಸಿದೆ. ಬಸ್ಸಿಲ್ಲ.
ಮತ್ತ ಒಂದರಿಂದ ಸುರು ಮಾಡಿದೆ.