ಬಿಳಿ ತಟ್ಟೆಯ ಅಳತೆ

ಇಪ್ಪತ್ತಾರು ವರ್ಷ ಬಾಯ್ಲರಿನ ನೀರು ಪರೀಕ್ಷೆ ಮಾಡಿದವನು ನಾನು.
ಆ ನೀರಿನಲ್ಲಿ ಏನೂ ಬದುಕಬಾರದು,
ಅದಕ್ಕೇ ಸಂಬಳ.
ಗಾಜಿನ ಕೊಳವೆಯಿಂದ ಹನಿ ಹನಿ ಬಿಟ್ಟು
ಗುಲಾಬಿ ಬಣ್ಣ ಮಾಯವಾಗುವ ಗಳಿಗೆ ಹಿಡಿದು
ರಿಜಿಸ್ಟರಿನಲ್ಲಿ ಬರೆದು ಸಹಿ.

ಈಗ ಭದ್ರಾವತಿ ನ್ಯೂಟೌನಿನಲ್ಲಿ, ಮನೆಯ ಹಿಂದೆ,
ಒಂಬತ್ತಡಿ ಉದ್ದ, ಆರಡಿ ಅಗಲ, ಮೊಣಕಾಲಿಗಿಂತ ಚೂರು ಆಳ:
ತಾವರೆ ಬೇಕೆಂದು ಚೂಡಾಮಣಿ ತೋಡಿಸಿದ ಕೊಳ.
ತಾವರೆ ಒಂದೇ ಒಂದು ಹೂ ಬಿಟ್ಟು ಸುಮ್ಮನಾಯಿತು.
ಪಾಚಿ ಕರೆಯದೆ ಬಂದು
ಕೂತಲ್ಲೇ ಹಾಸಿಗೆ ಹಾಸಿತು.

ಮೊದಲು ನೀರೇ ಹಸಿರಾಯಿತು, ಒಂದೆಲಗದ ತಂಬುಳಿಯ ಹಾಗೆ.
ಆಮೇಲೆ ಎಳೆ ಬಂತು, ಉದ್ದುದ್ದ,
ಬಾಚದೆ ಬಿಟ್ಟ ಹೆರಳು.
ಮೀನು ಎಲ್ಲಿವೆಯೋ ತಿಳಿಯಲು
ಮಂಡಕ್ಕಿ ಎಸೆಯಬೇಕು. ಎಸೆದೆ.
ಅವು ತಿಂದು ಉಳಿದದ್ದು ತಳದಲ್ಲಿ ಕೂತು
ಪಾಚಿಗೆ ಊಟ.
ಹೊಳೆಯಲಿಲ್ಲ ನನಗೆ, ನೀರಿನ ಮನುಷ್ಯನಿಗೆ!

'ಮೈಲುತುತ್ತ ಹಾಕಿ, ಒಂದು ಚಿಟಿಕೆ' ಎಂದ
ಗೊಬ್ಬರದಂಗಡಿಯ ಓಂಕಾರಯ್ಯ.
ಚಿಟಿಕೆಯೇ? ನಾನೇ?
ಉದ್ದ ಅಗಲ ಆಳ ಗುಣಿಸಿದೆ,
ಲೀಟರು ಮಾಡಿದೆ, ಗ್ರಾಮು ಮಾಡಿದೆ,
ನೀಲಿ ಹರಳು ಕರಗಿಸಿ ಸುತ್ತ ಸುರಿದೆ.
ಎರಡೇ ದಿನ, ಪಾಚಿ ಬೂದಿಬಣ್ಣಕ್ಕೆ ತಿರುಗಿ ಮುಳುಗಿತು.
ಮೂರನೆಯ ಬೆಳಗ್ಗೆ ಹದಿನೇಳು ಮೀನು
ಎಲೆಗಳ ಸಂದಿಯಲ್ಲಿ
ಹೊಟ್ಟೆ ಮೇಲಾಗಿ.

ಗುಣಾಕಾರ ತಪ್ಪಿರಲಿಲ್ಲ.
ಕೊಳ ತೋಡಿದ ದಿನದ ಆಳ ಹಿಡಿದಿದ್ದೆ.
ಏಪ್ರಿಲ್ಲಿನ ಬಿಸಿಲು ಒಂದು ಗೇಣು ಕುಡಿದದ್ದನ್ನು
ಬಗ್ಗಿ ನೋಡಿರಲಿಲ್ಲ.
ಚೂಡಾಮಣಿ ಬೈಯಲಿಲ್ಲ.
ಬಾಳೆಬುಡದಲ್ಲಿ ಎಲ್ಲವನ್ನೂ ಹೂತು, ಕೈ ತೊಳೆದು,
'ಇದು ಬಾಯ್ಲರಲ್ಲ' ಎಂದಳು.

ಜೂನಿಗೆ ಪಾಚಿ ಮರಳಿತು.

'ಕೋಲಿಗೆ ಸುತ್ತಿ ತೆಗೀರಿ ಸಾರ್, ಶ್ಯಾವಿಗೆ ಥರ,
ನನ್ನ ಸೋರೆ ಬಳ್ಳಿಗೆ ಕೊಡಿ' –
ಬೇಲಿಯಾಚೆಯಿಂದ ಪಳನಿಯಮ್ಮ.
ಬಿದಿರುಕೋಲಿನ ತುದಿ ಸೀಳಿ ಸುತ್ತಿದೆ.
ಬರುತ್ತದೆ, ಜಡೆ ಜಡೆಯಾಗಿ, ಭಾರವಾಗಿ,
ಎಳೆಸೌತೆ ಮುರಿದ ವಾಸನೆ.
ದಡದಲ್ಲಿ ಗುಡ್ಡೆ ಹಾಕಿ ನೋಡುತ್ತೇನೆ,
ಒಳಗೆ ಓಡಾಟ!
ಮೆಣಸಿನಕಾಳಿನಷ್ಟು ಬಸವನಹುಳು,
ಗೊದಮೊಟ್ಟೆ,
ಏರೋಪ್ಲೇನ್ ಚಿಟ್ಟೆಯ ಮರಿಯೊಂದು, ಇನ್ನೂ ರೆಕ್ಕೆಯಿಲ್ಲ,
ಬಾಡಿಗೆ ಕಟ್ಟಿಯೂ ಹೊರಹಾಕಿಸಿಕೊಂಡವರ ಮುಖ.

ಹಾಗಾಗಿ ಕಿತ್ತ ಪಾಚಿಯನ್ನು ನೀರಂಚಿನಲ್ಲೇ
ಒಂದು ರಾತ್ರಿ ಬಿಡುತ್ತೇನೆ.
ನಡೆಯಬಲ್ಲವರು ನಡೆದು ಹೋಗಲಿ.
ಗೊದಮೊಟ್ಟೆಗಳನ್ನು ಮಾತ್ರ ಆಗಲೇ
ಚಹಾ ಸೋಸುವ ಜಾಲರಿಯಲ್ಲಿ ನಾನೇ ಮುಟ್ಟಿಸಬೇಕು.
ಚಹಾಕ್ಕೆ ಚೂಡಾಮಣಿ ಬೇರೆ ಜಾಲರಿ ತಂದಿದ್ದಾಳೆ.

ಮಂಡಕ್ಕಿ ನಿಂತಿತು.
ಬಚ್ಚಲ ನೀರಿನ ದಾರಿ ಅತ್ತ ತಿರುಗಿತು.
ನೈದಿಲೆಯ ಎರಡು ಗಡ್ಡೆ ನೆಟ್ಟು ಅರ್ಧ ನೀರಿಗೆ ನೆರಳಾಯಿತು.
ಕಲ್ಲು ಕಟ್ಟಿ ಮುಳುಗಿಸಿದ ಒಂದು ಹಿಡಿ ಬೈಹುಲ್ಲು
ಕೆಲಸ ಮಾಡುತ್ತದೋ ಇಲ್ಲವೋ, ಅದಕ್ಕೇ ಗೊತ್ತು.
ಬಡಗಣ ಮೂಲೆಯ ಹಸಿರು ಹಾಗೇ ಇರಲಿ ಎಂದಿದ್ದೇನೆ.
ಹಾಗೇ ಇದೆ, ನಾನು ಹೇಳಿದ್ದಕ್ಕಲ್ಲ.

ಭಾನುವಾರಗಳಲ್ಲಿ, ಚೂಡಾಮಣಿಯ ತವರಿನ ಎನಾಮಲ್ ತಟ್ಟೆಗೆ
ದಾರ ಕಟ್ಟಿ ಇಳಿಬಿಡುತ್ತೇನೆ.
ಬಿಳುಪು ಮಾಯವಾದಲ್ಲಿ ದಾರಕ್ಕೊಂದು ಗಂಟು.
ಮೊದಲ ಗಂಟು ನಾಲ್ಕು ಬೆರಳು. ಮಳೆ ಬಂದು ಮಣ್ಣು ಕದಡಿ ಮೂರಾಯಿತು.
ಆಮೇಲೆ ಗೇಣು.
ಹೋದ ವಾರ ಗೇಣಿನ ಮೇಲೆರಡು.

ಇವತ್ತು ಇಳಿಬಿಟ್ಟೆ. ಕಂಡಿತು. ಇನ್ನೂ ಕಂಡಿತು.
ಅಂಚಿನಲ್ಲಿ ಎನಾಮಲ್ ಎದ್ದ ಕಪ್ಪು ಚುಕ್ಕೆಯೂ ಕಂಡಿತು.
ಗಂಟು ಹಾಕಬೇಕು, ಅಷ್ಟರಲ್ಲಿ
ಎಲ್ಲಿಂದಲೋ ಒಂದು ಕಪ್ಪೆಮರಿ,
ಕಾಲು ಬಂದು ಬಾಲ ಇನ್ನೂ ಹೋಗದ್ದು,
ಈಜಿ ಬಂದು ತಟ್ಟೆಯ ನಡುವೆ ಕೂತಿತು
ಬಡಿಸಲಿ ಎನ್ನುವ ಹಾಗೆ.

ರಿಜಿಸ್ಟರು ಒಳಗಿದೆ.
ದಾರ ಹಿಡಿದು ಕೂತಿದ್ದೇನೆ,
ಕೈ ಜೋಮು ಹಿಡಿದಿದೆ.
ಬಡಿಸಲು ಮಂಡಕ್ಕಿಯೂ ಇಲ್ಲ.